ಕೆಂಪು ಹಚ್ಚಿದ ಹೆಡ್ಡು

"ಇಪ್ಪತ್ತು ನಿಮಿಷ. ಮುಟ್ಟಬಹುದು, ಕೆರೆಯೋ ಹಾಗಿಲ್ಲ," ಎಂದು ಸಾಕ್ಷ್ಯಗಳ ಕೋಣೆಯ ಗುಮಾಸ್ತ ಕಾಗದದ ಪೊಟ್ಟಣವೊಂದನ್ನು ಮೇಜಿನ ಮೇಲಿಟ್ಟ.

"ಕೆರೆಯೋಕೆ ನನಗೇನು ತುರಿಕೆಯೇನಪ್ಪ?" ಎಂದರು ಅತ್ತೆ, ಕರವಸ್ತ್ರದಿಂದ ಭೂತಗನ್ನಡಿ ಒರೆಸುತ್ತ.

ಗುಮಾಸ್ತ ನಗಲಿಲ್ಲ. ಗಡಿಯಾರ ನೋಡಿ ಪುಸ್ತಕದಲ್ಲಿ ಹೊತ್ತು ಬರೆದುಕೊಂಡ.

ಪೊಟ್ಟಣದೊಳಗೆ ಹತ್ತಿ. ಹತ್ತಿಯೊಳಗೆ ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದಾದ ಲೋಹದ ತುಂಡು. ಟೇಪ್ ರೆಕಾರ್ಡರಿನ ಹೆಡ್ಡು. ಟೇಪಿನ ಮೇಲೆ ಧ್ವನಿ ಬರೆಯುವುದೂ ಅದೇ, ಬರೆದದ್ದನ್ನು ಓದುವುದೂ ಅದೇ. ನುಣುಪಾದ ಮುಖದ ನಡುವೆ ಒಂದು ಸೀಳು, ಕೂದಲಿಗಿಂತ ಎಷ್ಟೋ ಪಾಲು ತೆಳು. ಲೋಕದ ಹೆಡ್ಡುಗಳ ಸೀಳೆಲ್ಲ ಗೋಡೆಯ ಹಾಗೆ ನೆಟ್ಟಗೆ ನಿಂತಿದ್ದರೆ, ಇದರದ್ದು ಮಾತ್ರ ಗಾಳಿಗೆ ಸಿಕ್ಕ ಪೈರಿನ ಹಾಗೆ ಓರೆ.

ಆ ಓರೆಯೇ ಈಗ ಒಬ್ಬ ಮನುಷ್ಯನ ಕುತ್ತಿಗೆಗೆ ಬಂದಿತ್ತು. ನಾಳೆ ಹನ್ನೊಂದು ಗಂಟೆಗೆ ಉಜ್ಜಣ್ಣನ ಮೇಲ್ಮನವಿ.

ಅತ್ತೆ ಎಂದರೆ ನಿಜಕ್ಕೂ ಅತ್ತೆಯೇ. ಪಕ್ಕದಲ್ಲಿ ಕಾಲು ಕುಣಿಸುತ್ತ ಕೂತಿದ್ದ ವಕೀಲನ ತಂದೆಯ ತಂಗಿ. ಮೂವತ್ತು ವರ್ಷ ಪೇಟೆಂಟ್ ಕಚೇರಿಯ ದಾಖಲೆ ಕೋಣೆಯಲ್ಲಿ ಧೂಳು ಕುಡಿದು, ನಿವೃತ್ತಿಯಾದ ಮಾರನೆಯ ದಿನವೇ ಈ ಸೋದರಳಿಯನ ಆಫೀಸಿಗೆ ಬಂದು "ನನಗೂ ಒಂದು ಕುರ್ಚಿ ಹಾಕೋ" ಎಂದಿದ್ದರು. ಯಾವ ಕಾಗದ ಎಲ್ಲಿ ಅಡಗಿದೆ, ಯಾರು ಯಾಕೆ ಅಡಗಿಸಿದರು ಎಂಬುದನ್ನು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ತೆಗೆದಿಡುತ್ತಿದ್ದುದರಿಂದ, ಕೋರ್ಟಿನ ವರಾಂಡದಲ್ಲಿ ಆಕೆಗೆ 'ಪತ್ತೆ ಅತ್ತೆ' ಎಂದೇ ಹೆಸರು ನಿಂತಿತ್ತು.

ಉಜ್ಜಣ್ಣ ಹೆಡ್ಡಿನ ಮುಖವನ್ನು ಉಜ್ಜಿ ನುಣುಪು ಮಾಡುವ ಕೆಲಸದಲ್ಲಿ ಕೂದಲು ಹಣ್ಣಾದವನು. ಟೇಪಿನ ಮೇಲೆ ಎರಡು ಸಾಲು ಧ್ವನಿಯನ್ನು ಒತ್ತೊತ್ತಾಗಿ ಬರೆದರೆ ಒಂದರ ಮಾತು ಇನ್ನೊಂದಕ್ಕೆ ಸೋರುತ್ತದೆ. ನಡುವೆ ಖಾಲಿ ಜಾಗ ಬಿಡಲೇಬೇಕು. ಬಿಡಬೇಕಾಗಿಲ್ಲ ಎಂದಿದ್ದ ಉಜ್ಜಣ್ಣ. ಒಂದು ಸಾಲನ್ನು ನೆಟ್ಟನೆಯ ಸೀಳಿನಿಂದ ಬರೆಯಿರಿ, ಪಕ್ಕದ್ದನ್ನು ಓರೆ ಸೀಳಿನಿಂದ ಬರೆಯಿರಿ. ಓರೆಯಾಗಿ ಬರೆದದ್ದನ್ನು ಅಷ್ಟೇ ಓರೆಯಾದ ಸೀಳು ಮಾತ್ರ ಓದೀತು. ನೆರೆಮನೆಯ ಮಾತು ಕೇಳಿಸುವುದೇ ಇಲ್ಲ.

ಕಚೇರಿ ಎರಡು ಹಳೆಯ ಸಾಕ್ಷ್ಯಗಳನ್ನು ಮುಂದಿಟ್ಟು, ಯಾರಿಗಾದರೂ ಹೊಳೆಯುವಂಥದ್ದಕ್ಕೆ ಪೇಟೆಂಟ್ ಇಲ್ಲ ಎಂದು ಅವನ ಅರ್ಜಿಯನ್ನು ತಳ್ಳಿಹಾಕಿತ್ತು. ಒತ್ತೊತ್ತಾದ ಸಾಲುಗಳ ಬಗ್ಗೆ ಯಾರೋ ಬರೆದ ಪುಸ್ತಕ ಒಂದು. ಇನ್ನೊಂದು ಈ ಓರೆ ಹೆಡ್ಡು: ಉಜ್ಜಣ್ಣ ದುಡಿಯುತ್ತಿದ್ದ, ಈಗ ಬಾಗಿಲು ಮುಚ್ಚಿರುವ ವರ್ಕ್‌ಶಾಪಿನಿಂದಲೇ ಬಂದದ್ದು, ಅರ್ಜಿಗಿಂತ ಒಂಬತ್ತು ವರ್ಷ ಹಿರಿಯದು.

ಅತ್ತೆ ಭೂತಗನ್ನಡಿ ಕಣ್ಣಿಗೆ ಹಿಡಿದೇ, ಕಚೇರಿಯ ಪರ ವಕೀಲೆಯ ಹಾಗೆ ಮೂಗಿನಲ್ಲಿ ರಾಗ ಎಳೆದರು. "'ಘನ ಪೀಠವೇ! ಎಡಗೈಯಲ್ಲಿ ಪುಸ್ತಕ, ಬಲಗೈಯಲ್ಲಿ ಹೆಡ್ಡು. ಎರಡು ಕೈ ಜೋಡಿಸೋದು ಯಾರಿಗೆ ತಾನೇ ಹೊಳೆಯಲ್ಲ?'"

ಗುಮಾಸ್ತ ಕೆಮ್ಮಿದ. ನಗುವಿಗೆ ಅದು ಅಡ್ಡಹೆಸರು.

"ನಗಬೇಡಿ ಅತ್ತೆ," ಎಂದ ವಕೀಲ. "ಆ 'ಯಾರಿಗಾದರೂ ಹೊಳೆಯುವಂಥದ್ದು' ಅನ್ನೋ ಒಂದು ಸಾಲು ಉಜ್ಜಣ್ಣನ್ನ ಅರ್ಧ ಕೊಂದಿದೆ. ಇನ್ನರ್ಧ ಅವರ ಹಳೇ ಜೊತೆಗಾರರು ಕೊಂದಿದ್ದಾರೆ. 'ವರ್ಕ್‌ಶಾಪಿನ ಮಾಲು ಕದ್ದು ತನ್ನ ಹೆಸರು ಹಾಕ್ಕೊಂಡ' ಅಂತ ಎದುರಿಗೆ ಸಿಕ್ಕರೆ ರಸ್ತೆ ದಾಟಿಬಿಡ್ತಾರಂತೆ."

ಅತ್ತೆ ಹೆಡ್ಡನ್ನು ಮಗುಚಿ, ಬೆನ್ನಿನಲ್ಲಿದ್ದ ತಿರುಪಿನ ತೂತನ್ನು ಬೆಳಕಿಗೆ ಹಿಡಿದಿದ್ದರು.

"ಇಲ್ಲಿ ನೋಡೋ."

ತೂತಿನ ಒಳಸುರುಳಿಯಲ್ಲಿ ಒಂದು ಚುಕ್ಕೆ. ಒಣಗಿದ ರಕ್ತದಂಥ ಕೆಂಪು.

ವಕೀಲನ ಕಾಲು ಕುಣಿಯುವುದು ನಿಂತಿತು. "ತುಕ್ಕಾ?"

"ತುಕ್ಕಿಗೆ ಹೊಳಪಿರುತ್ತೇನೋ? ಬಣ್ಣ ಇದು. ಅಳತೆ ಕೋಣೇಲಿ ಫೇಲಾದ ಹೆಡ್ಡಿಗೆ ಬೆನ್ನ ಮೇಲೆ ಕೆಂಪು ಹಚ್ತಿದ್ರು ಅಂತ ಉಜ್ಜಣ್ಣ ಹೇಳಿರಲಿಲ್ವಾ? ಯಾರೋ ಒರೆಸಿದಾರೆ. ಬಟ್ಟೆ ತೂತಿನೊಳಗೆ ಹೋಗಿಲ್ಲ."

"ಅಂದ್ರೆ ಇದು ಫೇಲಾದ ಮಾಲು!" ವಕೀಲ ಎದ್ದೇ ನಿಂತ. "ಕೈ ತಪ್ಪಿ ಓರೆಯಾದದ್ದು! ಕಸದ ಡಬ್ಬಿಗೆ ಹಾಕಿದ ತಪ್ಪನ್ನ ಯಾರು ಎತ್ತಿಕೊಂಡು ಪುಸ್ತಕದ ಜೊತೆ ಜೋಡಿಸ್ತಾರೆ ಅತ್ತೆ? ಯಾರಿಗೂ ಹೊಳೆಯಲ್ಲ! ಗೆದ್ದೆವು!"

"ಕೂತ್ಕೋ. ಇನ್ನೂ ಒಂಬತ್ತು ನಿಮಿಷ ಇದೆ."

ಅತ್ತೆ ಮತ್ತೆ ಮುಖದ ಕಡೆ ತಿರುಗಿಸಿದರು. ದೀಪವನ್ನು ಪಕ್ಕಕ್ಕೆ ಸರಿಸಿ ಬೆಳಕನ್ನು ಅಡ್ಡಲಾಗಿ ಬೀಳಿಸಿದರು. ಆಗ ಕಂಡಿತು. ಮುಖದ ಅಡ್ಡಕ್ಕೆ, ಟೇಪಿನಷ್ಟೇ ಅಗಲಕ್ಕೆ, ನೆರಳಿನಂಥ ಒಂದು ತಗ್ಗು. ಮೆಟ್ಟಿಲ ಕಲ್ಲು ನಡುವೆ ಸವೆಯುತ್ತದಲ್ಲ, ಹಾಗೆ.

ಒಂದು ದಿನ ಎರಡು ದಿನ ಓಡಿಸಿದರೆ ಆಗುವ ಸವಕಳಿಯಲ್ಲ ಅದು. ಈ ಹೆಡ್ಡಿನ ಮೇಲೆ ಟೇಪು ವರ್ಷಗಟ್ಟಲೆ ಹರಿದಿದೆ.

ಕಸಕ್ಕೆ ಹೋದದ್ದನ್ನು ಕೂತು ಕೇಳಿದವರು ಯಾರು?

* * *

ಉಜ್ಜಣ್ಣ ವರಾಂಡದ ಬೆಂಚಿನ ತುದಿಯಲ್ಲಿ, ಬೆಂಚಿಗೆ ಭಾರವಾದೀತೇನೋ ಎಂಬಂತೆ ಕೂತಿದ್ದ. ಅವನ ಬೆರಳ ತುದಿಗಳಲ್ಲಿ ಗೆರೆಗಳೇ ಇಲ್ಲ. ಮೂವತ್ತು ವರ್ಷ ನುಣ್ಣನೆ ಪುಡಿಯ ಮೇಲೆ ಹೆಡ್ಡುಗಳನ್ನು ಉಜ್ಜಿದ ಬೆರಳು ತಾನೂ ಕನ್ನಡಿಯಾಗಿತ್ತು. ಮನವಿ ಪತ್ರಕ್ಕೆ ಹೆಬ್ಬೆಟ್ಟಿನ ಗುರುತು ಬೇಕು ಎಂದಾಗ ಕಾಗದದ ಮೇಲೆ ಬರೀ ಮಸಿಯ ಮೊಟ್ಟೆ ಬಿದ್ದು ಕಚೇರಿಯವರು ಪರದಾಡಿದ್ದರು.

"ಕೆಂಪು ಸಿಕ್ತು ಉಜ್ಜಣ್ಣ," ಎಂದರು ಅತ್ತೆ.

ಉಜ್ಜಣ್ಣನ ಮುಖದಲ್ಲಿ ಸಂತೋಷ ಹುಟ್ಟಬೇಕಾದ ಜಾಗದಲ್ಲಿ ಏನೂ ಹುಟ್ಟಲಿಲ್ಲ. "ಓ," ಎಂದ.

"ನಿಮ್ಮ ವರ್ಕ್‌ಶಾಪಿನಲ್ಲಿ ಇಷ್ಟು ಓರೆ ಯಾರ ಕೈಯಲ್ಲಿ ಬರ್ತಿತ್ತು?"

"ಒಂದೇ ಮಾತಲ್ಲಿ ಹೇಳ್ತೀನಿ ಅತ್ತೆ." ಉಜ್ಜಣ್ಣ ಒಂದೇ ಮಾತಲ್ಲಿ ಹೇಳುತ್ತೇನೆ ಎಂದರೆ ಕೇಳುವವರು ಕುರ್ಚಿ ಎಳೆದುಕೊಳ್ಳಬೇಕು. "ಹೊಸಬರ ಕೈಯಲ್ಲಿ ಬರ್ತಿತ್ತು, ಆತುರದೋರ ಕೈಯಲ್ಲಿ ಬರ್ತಿತ್ತು, ಕೆಲವರು ಕುಣಿಯೋಕೆ ಬರದೆ ನೆಲ ಡೊಂಕು ಅಂದ ಹಾಗೆ ಕಲ್ಲು ಡೊಂಕು ಅಂತಿದ್ರು, ಅವರ ಕೈಯಲ್ಲೂ ಬರ್ತಿತ್ತು. ನನ್ನ ಬೆಂಚಿನ ಮೇಲೆ ಮಾತ್ರ ಕೆಂಪು ಬಿದ್ದಿದ್ದೇ ಇಲ್ಲ. ಆ ಅಳತೆ ಮೇಷ್ಟ್ರನ್ನೇ ಕೇಳಿ."

"ಈ ಹೆಡ್ಡನ್ನ ನೀವು ಮೊದಲೇ ನೋಡಿದ್ರಾ?"

"ಇಲ್ಲ."

ಈ ಸಲ ನಿಜಕ್ಕೂ ಒಂದೇ ಮಾತು. ಅತ್ತೆಗೆ ಕಸಿವಿಸಿಯಾದದ್ದು ಅದಕ್ಕೇ.

"ಒಂದು ಹೆಡ್ಡಿಗೋಸ್ಕರ ಎಷ್ಟು ಜನ ಹೆಡ್ಡರಾಗಿದೀವಿ ನೋಡಿ," ಎಂದು ನಗಿಸಲು ನೋಡಿದರು. ಉಜ್ಜಣ್ಣ ನಕ್ಕ. ಆದರೆ ಅವನ ಕಣ್ಣು ಮಾತ್ರ ಅತ್ತೆಯ ಕೈಲಿದ್ದ ಭೂತಗನ್ನಡಿಯನ್ನು ಬಿಟ್ಟು ಕದಲಲಿಲ್ಲ.

* * *

ಅಳತೆ ಮೇಷ್ಟ್ರ ಮನೆ ಮೂರನೆಯ ಮಹಡಿಯಲ್ಲಿ. ಮಧ್ಯಾಹ್ನದ ಬಿಸಿಲಿಗೆ ಮೆಟ್ಟಿಲು ಹತ್ತಿ ಬಂದ ಅತ್ತೆ ಬಾಗಿಲಲ್ಲಿ ನಿಂತು ಉಸಿರೆಳೆದುಕೊಂಡರು. ಒಳಗೆ ನೋಡಿ ಎಳೆದ ಉಸಿರನ್ನು ಬಿಡುವುದನ್ನೇ ಮರೆತರು.

ಕೋಣೆಯಲ್ಲಿ ಓರೆ ಎಂಬುದೇ ಇರಲಿಲ್ಲ. ಪುಸ್ತಕಗಳು ಎತ್ತರದ ಪ್ರಕಾರ. ಪೆನ್ಸಿಲುಗಳು ಉದ್ದದ ಪ್ರಕಾರ. ಚಪ್ಪಲಿಗಳು ಬಾಗಿಲಿಗೆ ಲಂಬ. ಮಂಚದ ಹೊದಿಕೆಯ ಅಂಚನ್ನು ನೋಡಿ ಗೆರೆ ಎಳೆಯಬಹುದಿತ್ತು.

ಇಪ್ಪತ್ತೆಂಟು ವರ್ಷ ವರ್ಕ್‌ಶಾಪಿನ ಅಳತೆ ಕೋಣೆಯಲ್ಲಿ ಕೂತು, ಒಂದೊಂದು ಹೆಡ್ಡನ್ನೂ ಭೂತಗನ್ನಡಿಗೆ ಹಿಡಿದು ಪಾಸು ಫೇಲು ಹೇಳಿದ ಮನುಷ್ಯ ಇವರು. ಓರೆ ಹೆಡ್ಡನ್ನು ಪ್ರಮಾಣಪತ್ರದ ಜೊತೆ ಕಚೇರಿಗೆ ಕೊಟ್ಟವರೂ ಇವರೇ. ಎಪ್ಪತ್ತೈದು ದಾಟಿದೆ. ಕುಳ್ಳಿರಿಸಿ, ನೀರು ತರಲು ಒಳಗೆ ಹೋದರು.

ಅತ್ತೆ ಎದ್ದು, ಗೋಡೆಯ ಕ್ಯಾಲೆಂಡರನ್ನು ಬೆರಳಿನಿಂದ ಚೂರು ಸರಿಸಿ, ಏನೂ ಅರಿಯದ ಮಗುವಿನ ಹಾಗೆ ಬಂದು ಕೂತರು.

ಮೇಷ್ಟ್ರು ಲೋಟ ತಂದರು. ಕೈ ನಡುಗಿ ನೀರು ತುಳುಕಿತು. ಲೋಟವನ್ನು ಮೇಜಿನ ಮೇಲಿಟ್ಟವರೇ ಗೋಡೆಯ ಬಳಿ ಹೋಗಿ ಕ್ಯಾಲೆಂಡರನ್ನು ಸರಿ ಮಾಡಿದರು.

"ಎರಡು ಡಿಗ್ರಿ," ಎಂದರು.

"ನಾನು ಮೂರು ಅಂದ್ಕೊಂಡಿದ್ದೆ."

"ಎರಡು. ಯಾಕೆ ಸರಿಸಿದ್ರಿ?"

"ಓರೆ ಕಂಡರೆ ನೀವು ಸುಮ್ಮನಿರೋರೋ ಅಲ್ವೋ ಅಂತ ನೋಡೋಕೆ."

"ನೋಡಿದಿರಲ್ಲ."

"ನೋಡಿದೆ. ಹಾಗಿದ್ರೆ ಆ ಓರೆ ಹೆಡ್ಡನ್ನ ಅಷ್ಟು ವರ್ಷ ಮನೇಲಿಟ್ಟುಕೊಂಡು ಹೇಗೆ ನಿದ್ದೆ ಮಾಡಿದ್ರಿ ಮೇಷ್ಟ್ರೇ?"

ಮೇಷ್ಟ್ರು ನಿಧಾನವಾಗಿ ಕೂತರು.

"ವರ್ಕ್‌ಶಾಪಿನಲ್ಲಿ ಸಿಕ್ಕಿತ್ತು ಅಂತ ಪ್ರಮಾಣಪತ್ರದಲ್ಲಿ ಬರೆದಿದೀನಿ."

"ಬರೆದಿದ್ದೀರಿ, ಸುಳ್ಳೂ ಅಲ್ಲ. ಆದರೆ ಅರ್ಧ. ಅದಕ್ಕೆ ಕೆಂಪು ಹಚ್ಚಿದ ಕೈ ನಿಮ್ಮದು. ಆ ಕೋಣೇಲಿ ಬೇರೆ ಕೈಗೆ ಕುಂಚ ಸಿಕ್ತಿರಲಿಲ್ಲ. ಕೆಂಪು ಒರೆಸಿದ ಕೈಯೂ ನಿಮ್ಮದೇ. ಬೆನ್ನು ಒರೆಸಿದ್ರಿ, ತಿರುಪಿನ ತೂತು ಮರೆತ್ರಿ. ಆಮೇಲೆ ಅದನ್ನ ಮೆಷಿನ್ನಿಗೆ ಕೂರಿಸಿ, ಮುಖ ತಗ್ಗು ಬೀಳೋ ತನಕ ಓಡಿಸಿದ್ರಿ. ಫೇಲಾದ ಹೆಡ್ಡಲ್ಲಿ ಅಷ್ಟು ದಿನ ಏನು ಕೇಳ್ತಿದ್ರಿ?"

"ತೂತು," ಎಂದರು ಮೇಷ್ಟ್ರು ತಮಗೇ. "ತೂತು ನೋಡಬೇಕಾಗಿತ್ತು."

ಅವರಿಗೆ ಸಿಕ್ಕಿಬಿದ್ದ ಅಳುಕಿರಲಿಲ್ಲ. ಕೆಲಸ ಪೂರ್ತಿಯಾಗಿಲ್ಲವಲ್ಲ ಎಂಬ ಬೇಸರವಿತ್ತು.

"ಓರೆ ಸೀಳು ಓರೆಯಾಗಿ ಬರೆದದ್ದನ್ನ ಮಾತ್ರ ಓದುತ್ತೆ," ಎಂದರು ಅತ್ತೆ. "ಅಂದ್ರೆ ಅದೇ ಹೆಡ್ಡು ಬರೆದ ಟೇಪು ಒಂದಿರಬೇಕು. ಎಲ್ಲಿದೆ?"

ಮೇಷ್ಟ್ರು ಎದ್ದು ಕಪಾಟಿನ ಕೆಳಗಿನ ಅರೆಯಿಂದ ತಗಡಿನ ಡಬ್ಬಿ ತೆಗೆದು, ಮೇಜಿನ ಅಂಚಿಗೆ ಸರಿಯಾಗಿ ಕೂರುವ ಹಾಗೆ ಇಟ್ಟರು.

"ಮುಟ್ಟಬೇಡಿ. ಹೇಳ್ತೀನಿ."

ಹೇಳಿದರು. ಅವತ್ತು ಹೊರಗಿನಿಂದ ಆರು ಜನ ಇಂಜಿನಿಯರುಗಳು ವರ್ಕ್‌ಶಾಪು ನೋಡಲು ಬಂದಿದ್ದರು. ಮಾಲೀಕರು ಅವರನ್ನು ಅಳತೆ ಕೋಣೆಗೆ ಕರೆತಂದು ಕೂರಿಸಿದ್ದರು. ಉಜ್ಜುವ ಬೆಂಚಿನಿಂದ ಒಬ್ಬ ಎದ್ದು, ಕರೆಯದಿದ್ದರೂ ಒಳಗೆ ಬಂದ. ಅಂಗೈಯಲ್ಲಿ ಒಂದು ಹೆಡ್ಡು. ರೇಡಿಯೊ ವಾರ್ತೆಯನ್ನು ನೆಟ್ಟನೆಯ ಹೆಡ್ಡಿನಿಂದ ಒಂದು ಸಾಲಲ್ಲಿ ಬರೆಸಿದ, ಕೂದಲೆಳೆ ಜಾಗ ಬಿಡದೆ ಪಕ್ಕದ ಸಾಲಲ್ಲಿ ತಾನು ತಂದ ಹೆಡ್ಡಿನಿಂದ ತನ್ನ ಮಾತು ಬರೆಸಿದ.

"ಏನು ಮಾತು?"

ಮೇಷ್ಟ್ರು ಗಂಟಲು ಸರಿ ಮಾಡಿಕೊಂಡರು. ಅವರ ಒಣ ದನಿಯೊಳಗಿಂದ ಇನ್ನೊಂದು ದನಿ ಎದ್ದು ಬಂತು, ತಡವರಿಸುವ, ಬೆಚ್ಚಗಿನ, ಮಾತು ಮುಗಿಸಲಾರದ ದನಿ.

"'ಒಂದೇ ಮಾತಲ್ಲಿ ಹೇಳ್ತೀನಿ ಸ್ವಾಮಿ. ಇದು ಕೈ ತಪ್ಪಿದ್ದಲ್ಲ. ಬೇಕಂತಲೇ ಓರೆ ಮಾಡಿದೀನಿ. ನಾವು ಇಷ್ಟು ದಿನ ಓರೇನ ಶತ್ರು ಅಂದ್ಕೊಂಡ್ವಿ, ಅದು ಕಾವಲುಗಾರ ಸ್ವಾಮಿ. ಪಕ್ಕದ ಸಾಲಲ್ಲಿ ವಾರ್ತೆ ಇದೆ, ನಿಮಗೆ ಕೇಳ್ತಿದೆಯಾ? ಇಲ್ಲ ಅಲ್ವಾ?'"

ಅತ್ತೆಯ ಕೈ ಲೋಟದ ಮೇಲೆ ಹಾಗೇ ನಿಂತಿತು. ಸ್ವತಃ ಹತ್ತು ಜನರ ದನಿ ಎತ್ತಿ ಆಡಬಲ್ಲವರು. ಈ ದನಿಯಲ್ಲಿ ಆಟವಿಲ್ಲ ಎಂದು ಅವರಿಗೆ ತಿಳಿಯಿತು. ಸಾವಿರ ಸಲ ಕೇಳಿದವನು ಮಾತ್ರ ಹೀಗೆ ಹೇಳಬಲ್ಲ.

ಉಜ್ಜಣ್ಣ.

"ಇಂಜಿನಿಯರುಗಳು ನಕ್ಕರು," ಎಂದರು ಮೇಷ್ಟ್ರು. "'ನಿಮ್ಮ ಕೆಲಸದವರು ತಪ್ಪಿಗೂ ಭಾಷಣ ಮಾಡ್ತಾರೆ' ಅಂದ್ರು. ಮಾಲೀಕರ ಮುಖ ಕೆಂಪಾಯ್ತು. 'ಹಚ್ರೀ ಅದಕ್ಕೆ' ಅಂದ್ರು ನನಗೆ. ಅವನ ಕಣ್ಣೆದುರಿಗೇ ಹಚ್ಚಿದೆ. ಅಳತೆಪಟ್ಟಿಯ ಪ್ರಕಾರ ಅದು ಫೇಲೇ. ಅವನ ಬೆಂಚಿಗೆ ಬಿದ್ದ ಒಂದೇ ಒಂದು ಕೆಂಪು ಅದು. ಕಸದ ಡಬ್ಬಿಗೆ ಹಾಕೋಕೆ ಕೈ ಬರಲಿಲ್ಲ. ಮನೆಗೆ ತಂದೆ. ಒರೆಸಿದೆ. ದಿನಾ ಸಂಜೆ ಕೇಳಿದೆ, ವಾರ್ತೆ ಎಲ್ಲಾದರೂ ಸೋರುತ್ತಾ ಅಂತ. ಎರಡು ವರ್ಷ ಕೇಳಿದೆ. ಒಂದು ಅಕ್ಷರ ಸೋರಿಲ್ಲ ತಾಯಿ. ಅವನು ಹೇಳಿದ್ದು ಸರಿ ಇತ್ತು."

"ಅವನಿಗೆ ಹೇಳಿದ್ರಾ?"

"ಹೇಗೆ ಹೇಳಲಿ? ಆವತ್ತಿಂದ ಅವನು ನನ್ನ ಜೊತೆ ಮಾತು ಬಿಟ್ಟ."

"ಮತ್ತೆ ಕಚೇರಿಗೆ ಯಾಕೆ ಕೊಟ್ರಿ?"

ಮೇಷ್ಟ್ರ ಮುಖ ಮೊದಲ ಸಲ ಬೆಳಗಿತು.

"ಪತ್ರ ಬಂತು. 'ಓರೆ ಸೀಳಿನ ಹಳೆಯ ಹೆಡ್ಡು ಯಾವುದಾದರೂ ತಿಳಿದಿದೆಯೇ' ಅಂತ. ದೇವರೇ ಬರೆಸಿದ ಹಾಗಿತ್ತು. ನಾನು ಹಚ್ಚಿದ ಕೆಂಪನ್ನ ನಾನೇ ಸರ್ಕಾರದ ಮುಂದೆ ತೊಳೀತೀನಿ ಅಂದ್ಕೊಂಡೆ. 'ಯಾರು ಮಾಡಿದ್ದು?' ಅಂತ ಕೇಳ್ತಾರೆ, ಕೇಳಿದ ತಕ್ಷಣ ಅವನ ಹೆಸರು ಹೇಳೋಣ ಅಂತ ಕಾದೆ. ಪತ್ರದಲ್ಲಿ ಕೇಳಿದ್ದಕ್ಕಷ್ಟೇ ಉತ್ತರ ಬರೀಬೇಕಲ್ಲ? ಯಾರೂ ಕೇಳಲಿಲ್ಲ. ನೀವೇ ಮೊದಲು." ಅವರು ಮುಂದಕ್ಕೆ ಬಾಗಿದರು. "ಅವನಿಗೆ ಉಪಕಾರ ಆಯ್ತಲ್ವಾ? ಅವನು ಒಂಬತ್ತು ವರ್ಷ ಮೊದಲೇ ಮಾಡಿದ್ದ ಅಂತ ಗೊತ್ತಾದ್ರೆ ಗಟ್ಟಿ ಆಗುತ್ತಲ್ವಾ ಅವನ ಕೇಸು?"

ಅತ್ತೆ ಲೋಟವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

ಅಳತೆ ಬಲ್ಲವರು ಮಾತ್ರ ಮಾಡಬಹುದಾದ ತಪ್ಪು ಅದು. ಮೊದಲು ಬಂದದ್ದೇ ಮೇಲು, ಹಳೆಯದಾದಷ್ಟೂ ಗಟ್ಟಿ ಎಂದು ನಂಬಿದ್ದರು ಪಾಪ. ಪೇಟೆಂಟಿನ ಲೆಕ್ಕ ಉಲ್ಟಾ. ಅರ್ಜಿ ಹಾಕುವ ಮೊದಲು ಹೊರಗಿನ ಆರು ಜನರೆದುರು ಬಿಚ್ಚಿ ಹೇಳಿದ್ದು ಊರಿಗೆಲ್ಲ ದಾನ ಕೊಟ್ಟ ಹಾಗೆ. ಕೊಟ್ಟವನು ತಾನೇ ಆದರೂ ವಾಪಸು ಕೇಳುವ ಹಾಗಿಲ್ಲ. ಈ ಡಬ್ಬಿ ತೆರೆದರೆ ಉಜ್ಜಣ್ಣ ಕಳ್ಳನಲ್ಲ ಎಂದು ಸಾಬೀತಾಗುತ್ತದೆ. ಅದೇ ಗಳಿಗೆಯಲ್ಲಿ ಅವನ ಪೇಟೆಂಟೂ ಸಾಯುತ್ತದೆ.

ಕಾನೂನು ಹೇಳಿಬಿಡಲೇ ಎಂದು ಬಾಯಿಗೆ ಬಂತು. ಹೇಳಿದರೆ ಸಾಕ್ಷ್ಯ ಬಚ್ಚಿಡಿ ಎಂದು ಕಲಿಸಿದಂತೆ. ಮೂವತ್ತು ವರ್ಷ ಬಚ್ಚಿಟ್ಟ ಕಾಗದಗಳನ್ನು ಹೊರಗೆಳೆದವರು ತಾವು. ನುಂಗಿಕೊಂಡರು.

"ನೀರು ಚೆನ್ನಾಗಿತ್ತು ಮೇಷ್ಟ್ರೇ," ಎಂದು ಎದ್ದರು. "ನಾಳೆ ಹನ್ನೊಂದಕ್ಕಲ್ವಾ ಅವನ ಕೇಸು?" ಎಂದರು ಮೇಷ್ಟ್ರು ಹಿಂದಿನಿಂದ.

* * *

"ಅಯ್ಯೋ ಅತ್ತೆ, ಇದನ್ನ ನನಗೆ ಯಾಕೆ ಹೇಳಿದ್ರಿ!" ವಕೀಲ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. "ಗೊತ್ತಿಲ್ಲದಿದ್ರೆ 'ಕೈ ತಪ್ಪಿದ ಮಾಲು' ಅಂತ ಗಂಟಲು ಹರಿದುಕೊಂಡು ವಾದ ಮಾಡ್ತಿದ್ದೆ. ಗೊತ್ತಿದ್ದೂ ಹೇಗೆ ಮಾಡಲಿ?"

"ಗೊತ್ತಿಲ್ಲದೆ ಮಾಡಿ ಆಮೇಲೆ ಗೊತ್ತಾಗಿದ್ರೆ?"

ವಕೀಲ ತಲೆಯಿಂದ ಕೈ ತೆಗೆದ. "ಬೆಳಿಗ್ಗೆ ಉಜ್ಜಣ್ಣನ್ನೇ ಕೇಳೋಣ," ಎಂದ ಕೊನೆಗೆ. "ಕೇಸು ವಾಪಸ್ ತಗೋತೀರಾ ಅಂತ."

ಬೆಳಿಗ್ಗೆ ಉಜ್ಜಣ್ಣ ಬಂದದ್ದೇ ಹನ್ನೊಂದಕ್ಕೆ ಮೂರು ನಿಮಿಷವಿರುವಾಗ. ಬಸ್ಸು ಕೈಕೊಟ್ಟಿತ್ತು. ಇಸ್ತ್ರಿ ಮಾಡಿದ ಅಂಗಿಯ ಬೆನ್ನು ಬೆವರಿಗೆ ಅಂಟಿತ್ತು. ವಕೀಲ ಆಗಲೇ ಒಳಗೆ ಹೋಗಿದ್ದ.

ಅತ್ತೆ ಮೆಟ್ಟಿಲ ಮೇಲೆ ಅಡ್ಡ ನಿಂತರು. "ನಿನ್ನೆ ಅಳತೆ ಮೇಷ್ಟ್ರ ಮನೆಗೆ ಹೋಗಿದ್ದೆ ಉಜ್ಜಣ್ಣ."

ಅವನ ಒಂದು ಕಾಲು ಮೇಲಿನ ಮೆಟ್ಟಿಲಲ್ಲಿ, ಒಂದು ಕೆಳಗಿನದರಲ್ಲಿ ನಿಂತುಬಿಟ್ಟಿತು.

"ಟೇಪು ಇನ್ನೂ ಇದೆಯಾ?" ಎಂದ.

ಅಷ್ಟೇ. ಎಲ್ಲ ಒಪ್ಪಿಕೊಂಡ ಹಾಗಿತ್ತು ಆ ಪ್ರಶ್ನೆ.

"ನೋಡಿಲ್ಲ ಅಂದ್ರಲ್ಲ ನನ್ನ ಹತ್ತಿರ."

"ಇನ್ನೇನು ಹೇಳಲಿ ಅತ್ತೆ? ನಾನೇ ಹೆತ್ತಿದ್ದು ಅಂದ್ರೆ ಮಗು ಸಾಯುತ್ತೆ, ನಂದಲ್ಲ ಅಂದ್ರೆ ಬದುಕುತ್ತೆ. ನೀವಾಗಿದ್ರೆ ಏನಂತಿದ್ರಿ?"

ಒಳಗಿನಿಂದ ಕೇಸಿನ ನಂಬರು ಕೂಗಿದರು.

ಮೂವರು ಸದಸ್ಯರ ಪೀಠ. ನಡುವೆ ಕೂತ ಹಿರಿಯ ಸದಸ್ಯೆ ಕನ್ನಡಕದ ಮೇಲಿಂದ ನೋಡುವವರು. ವಕೀಲ ಎದ್ದು ಮಾತನ್ನು ತಂತಿಯ ಮೇಲೆ ನಡೆಸಿದ. ತಿರುಪಿನ ತೂತಿನಲ್ಲಿ ಕೆಂಪು ಬಣ್ಣ ಇದೆ, ಪೀಠ ನೋಡಬಹುದು. ಫೇಲಾದ ಮಾಲಿಗೆ ಕೆಂಪು ಹಚ್ಚುವುದು ಆ ವರ್ಕ್‌ಶಾಪಿನ ಪದ್ಧತಿ. ಇಷ್ಟು ಹೇಳಿ ನಿಲ್ಲಿಸಿದ. ಮುಂದಿನದನ್ನು ಹೇಳದೆ ಬಿಟ್ಟದ್ದು ಅತ್ತೆಗೆ ಮಾತ್ರ ಕೇಳಿಸಿತು.

ಹಿರಿಯ ಸದಸ್ಯೆ ಹೆಡ್ಡನ್ನು ತರಿಸಿ ನೋಡಿದರು. ಕನ್ನಡಕ ಸರಿಸಿದರು.

"ಮೇಲ್ಮನವಿದಾರರು ಇದೇ ವರ್ಕ್‌ಶಾಪಿನಲ್ಲಿ ಉಜ್ಜೋ ಕೆಲಸದಲ್ಲಿದ್ದವರಲ್ಲವೇ? ಅವರಿಗಿಂತ ಬಲ್ಲವರು ಯಾರು? ಮುಂದೆ ಬನ್ನಿ. ಪ್ರಮಾಣ ಮಾಡಿ ಹೇಳಿ. ಈ ಓರೆ ಕೈ ತಪ್ಪಿ ಆದದ್ದೇ?"

ವಕೀಲ ಕಣ್ಣು ಮುಚ್ಚಿದ.

ಉಜ್ಜಣ್ಣ ಮುಂದೆ ಹೋದ. ಪ್ರಮಾಣ ಮಾಡಿದ. ಹೆಡ್ಡನ್ನು ಅವನ ಅಂಗೈಗೆ ಕೊಟ್ಟರು. ಬಹಳ ದಿನದ ಮೇಲೆ ಕಂಡವರನ್ನು ನೋಡುವ ಹಾಗೆ ಅವನು ಅದನ್ನು ನೋಡಿದ. ಗೆರೆಯಿಲ್ಲದ ಹೆಬ್ಬೆರಳು ತಾನಾಗಿ ಅದರ ಮುಖವನ್ನೊಮ್ಮೆ ಸವರಿತು.

"ತಪ್ಪಿರಬಹುದು," ಎಂದ.

"ಇರಬಹುದು ಬೇಡ. ಹೌದೋ, ಅಲ್ಲವೋ?"

"ಹೌದು. ಕೈ ತಪ್ಪಿದ್ದು."

ಯಾರದೋ ಪೆನ್ನು ಕಾಗದದ ಮೇಲೆ ಅದನ್ನು ಬರೆದುಕೊಂಡಿತು. ಕೈ ತಪ್ಪಿ ಒಮ್ಮೆಯೂ ಕೆಂಪು ಬೀಳದ ಬೆಂಚಿನ ಮನುಷ್ಯ ತುಂಬಿದ ಕೋಣೆಯಲ್ಲಿ ನಿಂತು ತನ್ನ ಕೈಗೆ ತಾನೇ ಕೆಂಪು ಹಚ್ಚಿಕೊಂಡದ್ದನ್ನು ನೋಡಲಾರದೆ ಅತ್ತೆ ಕಿಟಕಿಯ ಕಡೆ ಮುಖ ತಿರುಗಿಸಿದರು.

"ಸುಳ್ಳು!"

ದನಿ ಹಿಂದಿನ ಸಾಲಿನಿಂದ. ಅಳತೆ ಮೇಷ್ಟ್ರು ನಿಂತಿದ್ದರು. ಒಂದು ಕೈಯಲ್ಲಿ ತಗಡಿನ ಡಬ್ಬಿ. ಇನ್ನೊಂದು ಕೈ ಬೆಂಚಿನ ಮೇಲಿಟ್ಟ ಹಳೆಯ ಟೇಪ್ ರೆಕಾರ್ಡರನ್ನು ಹಿಡಿದಿತ್ತು.

"ಅವನ ಕೈ ತಪ್ಪಿಲ್ಲ ತಾಯಿ! ಕೆಂಪು ಹಚ್ಚಿದ್ದು ನನ್ನ ತಪ್ಪು. ಅವನು ನನ್ನ ಮರ್ಯಾದೆ ಉಳಿಸೋಕೆ ಹೀಗೆ ಹೇಳ್ತಿದಾನೆ. ಅದನ್ನ ಮಾಡಿದ್ದು ಅವನೇ, ಬೇಕಂತಲೇ ಮಾಡಿದ್ದು. ಹೊರಗಿನಿಂದ ಬಂದ ಆರು ಜನ ಇಂಜಿನಿಯರುಗಳ ಎದುರು ಹೇಳಿದ್ದು. ಅವನ ಬಾಯಲ್ಲೇ ಕೇಳಿ, ಇದರಲ್ಲಿದೆ!"

ಕೋಣೆ ಗುಜುಗುಜು ಎಂದಿತು. ಮೇಷ್ಟ್ರು ಉಜ್ಜಣ್ಣನ ಕಡೆ ನೋಡಿ ಮುಗುಳ್ನಕ್ಕರು. ಹಳೆಯ ಸಾಲ ತೀರಿಸಿದವರ ಮುಖ. ಉಜ್ಜಣ್ಣನ ಮುಖ ಸುಣ್ಣವಾಗಿತ್ತು.

ಕಚೇರಿಯ ಪರ ವಕೀಲೆ ಎದ್ದೇಬಿಟ್ಟರು. "ಘನ ಪೀಠವೇ! ಮೇಲ್ಮನವಿದಾರರೇ ಮಾಡಿದ್ದಾದರೆ, ಮೊದಲೇ ಹೊರಗಿನವರಿಗೆ ತೋರಿಸಿದ್ದಾದರೆ, ಅವರು ಈಗ ಪ್ರಮಾಣ ಮಾಡಿ ಹೇಳಿದ್ದು..."

"ಅದು ನಮಗೂ ಅರ್ಥವಾಯಿತು," ಎಂದರು ಹಿರಿಯ ಸದಸ್ಯೆ. "ಆದರೆ ಹೇಳಿಕೆಗಿಂತ ಮೊದಲು ಟೇಪು. ಹಾಕಿ."

"ಬೇರೆ ಹೆಡ್ಡಲ್ಲಿ ಅದು ಕೇಳಲ್ಲ ತಾಯಿ," ಎಂದರು ಮೇಷ್ಟ್ರು. "ಅವನ ಅಂಗೈಲಿರೋ ಅದೇ ಹೆಡ್ಡು ಬೇಕು. ಮೆಷಿನ್ ತಂದಿದೀನಿ. ಕೂರಿಸಬೇಕು."

"ಕೂರಿಸಿ."

ಮೇಷ್ಟ್ರು ತಮ್ಮ ಎರಡು ಕೈಗಳನ್ನು ಎತ್ತಿ ತೋರಿಸಿದರು. ಎಲೆಗಳ ಹಾಗೆ ನಡುಗುತ್ತಿದ್ದವು. "ನನ್ನಿಂದ ಆಗಲ್ಲ. ತಿರುಪು ಕಾಲು ಸುತ್ತು ಹೆಚ್ಚುಕಮ್ಮಿ ಆದರೆ ನೀರೊಳಗೆ ಮಾತಾಡಿದ ಹಾಗೆ ಬರೀ ಗೊರಗೊರ. ಈ ಕೋಣೇಲಿ ಅದನ್ನ ಕೂರಿಸಬಲ್ಲವನು ಒಬ್ಬನೇ."

ಎಲ್ಲರ ಕಣ್ಣೂ ಉಜ್ಜಣ್ಣನ ಮೇಲೆ ಬಿತ್ತು.

ಹಿರಿಯ ಸದಸ್ಯೆ ಕನ್ನಡಕದ ಮೇಲಿಂದ ಅವನ ಅಂಗೈ ನೋಡಿದರು. "ಮಾಡ್ತೀರಾ?"

ವಕೀಲ ಬೇಡ ಎನ್ನಲು ಬಾಯಿ ತೆರೆದ. ಅತ್ತೆ ಅವನ ತೋಳು ಒತ್ತಿದರು. ಯಾಕೆ ಒತ್ತಿದೆ ಎಂದು ಅವರಿಗೇ ತಿಳಿಯಲಿಲ್ಲ.

ಉಜ್ಜಣ್ಣ ರೆಕಾರ್ಡರಿನ ಮುಂದೆ ಕೂತ. ಮುಚ್ಚಳ ತೆಗೆದ. ಅದರಲ್ಲಿದ್ದ ಹೆಡ್ಡು ಬಿಚ್ಚಿ, ಓರೆ ಹೆಡ್ಡು ಇಟ್ಟು, ತಿರುಪು ಕೂರಿಸಿದ. ಮೇಷ್ಟ್ರು ಡಬ್ಬಿಯಿಂದ ಟೇಪು ತೆಗೆದು ಕೊಟ್ಟರು. ಎಷ್ಟೋ ವರ್ಷಗಳ ಮೇಲೆ ಮೊದಲ ಸಲ ಇಬ್ಬರ ಬೆರಳೂ ತಾಕಿದವು.

"ಸರಿಯಾಗಿ ಕೂತಿದೆಯೋ ಇಲ್ಲವೋ ಅಂತ ನಮಗೆ ಹೇಗೆ ಗೊತ್ತಾಗಬೇಕು?" ಎಂದು ಕೇಳಿದರು ಕಚೇರಿಯ ವಕೀಲೆ.

"ನಿಮಗೆ ಗೊತ್ತಾಗಲ್ಲಮ್ಮ," ಎಂದರು ಮೇಷ್ಟ್ರು ಹೆಮ್ಮೆಯಿಂದ. "ಅವನಿಗೆ ಗೊತ್ತಾಗುತ್ತೆ."

ಉಜ್ಜಣ್ಣ ಸಣ್ಣ ತಿರುಪುಳಿಯನ್ನು ಹೆಡ್ಡಿನ ಪಕ್ಕದ ತಿರುಪಿಗೆ ಇಟ್ಟ. ಒಂದು ಚೂರು ಬಲಕ್ಕೆ ತಿರುಗಿಸಿದ. ನಿಲ್ಲಿಸಿದ. ಒಂದು ಚೂರು ಎಡಕ್ಕೆ. ಮತ್ತೆ ನಿಲ್ಲಿಸಿದ. ಅತ್ತೆ ಅವನ ಬೆರಳನ್ನೇ ನೋಡುತ್ತಿದ್ದರು. ಆದರೆ ಈ ಹೊತ್ತು ಅದು ಸೀಳನ್ನು ಸಾಲಿಗೆ ತಂದಿತೋ, ಸಾಲಿನಿಂದ ಆಚೆ ಒಯ್ದಿತೋ ಎಂದು ಹೇಳಬಲ್ಲ ಭೂತಗನ್ನಡಿ ಲೋಕದಲ್ಲಿರಲಿಲ್ಲ.

ಉಜ್ಜಣ್ಣ ತಿರುಪುಳಿಯನ್ನು ಮೇಜಿನ ಮೇಲಿಟ್ಟು, ಯಾರ ಮುಖವನ್ನೂ ನೋಡದೆ, ಗುಂಡಿ ಒತ್ತಿದ.